ಕತ್ತಲಾದರೆ ಇಳಿಯುವ ಮುಳ್ಳು

ಹೆಡ್‌ಲೈಟ್ ಹಾಕಿದ್ದೇ ತಡ, ಡೀಸೆಲ್ ತೋರಿಸುವ ಮುಳ್ಳು ಅರ್ಧದಿಂದ ಕಾಲಿಗೆ ಇಳಿಯಿತು. ಗ್ಯಾರೇಜಿನ ಮೆಕ್ಯಾನಿಕ್ ಮೀಟರ್ ಮೇಷ್ಟ್ರು ಲೈಟ್ ಆರಿಸಿದರು. ಮುಳ್ಳು ಏನೂ ಆಗದಂತೆ ಅರ್ಧಕ್ಕೆ ಬಂದು ನಿಂತಿತು. ಮತ್ತೆ ಹಾಕಿದರು, ಮತ್ತೆ ಇಳಿಯಿತು. ಇನ್ನೊಂದು ಸಲ ಸ್ವಿಚ್ ಮುಟ್ಟಲು ಅವರಿಗೆ ಧೈರ್ಯ ಬರಲಿಲ್ಲ.

ಕಾರು ಡಾಕ್ಟರಮ್ಮನದು. ಇವತ್ತು ಹೆಡ್‌ಲೈಟ್ ಸ್ವಿಚ್ ಸಡಿಲವಾಗಿದೆಯೆಂದು ತಾವೇ ಓಡಿಸಿಕೊಂಡು ತಂದಿದ್ದರು. ಮುಳ್ಳಿನ ಮಾತನ್ನು ಎತ್ತಿದ್ದವನು ಅವರ ಹಳೆಯ ಡ್ರೈವರ್, ಅದೂ ಮೂರು ತಿಂಗಳ ಹಿಂದೆ. ರಾತ್ರಿ ಆಸ್ಪತ್ರೆಯಿಂದ ವಾಪಸಾಗುವಾಗೆಲ್ಲ ಮುಳ್ಳು ಇಳಿದಿರುವುದನ್ನು ಕಂಡ ಡಾಕ್ಟರಮ್ಮನಿಗೆ ಅವನು ಡೀಸೆಲ್ ಕದಿಯುತ್ತಿದ್ದಾನೆಂಬ ಅನುಮಾನ ಹುಟ್ಟಿತ್ತು. ಕತ್ತಲಾದರೆ ಅದು ತಾನಾಗಿಯೇ ಇಳಿಯುತ್ತದೆ, ಬೆಳಗಾದರೆ ಏರುತ್ತದೆ ಎಂದು ಅವನು ಹೇಳುತ್ತಲೇ ಇದ್ದ. ಹೆದರಿ ಮತ್ತೆ ತುಂಬಿಸಿಟ್ಟಿದ್ದಾನೆ ಎಂದುಕೊಂಡರು ಅವರು.

ಆಗ ಪರೀಕ್ಷೆ ಮಾಡಿದವರು ಇದೇ ಮೇಷ್ಟ್ರು. ಊರಿನ ಯಾವ ಕಾರಿನ ಮೀಟರ್ ಕೈಕೊಟ್ಟರೂ ಇವರ ಮಾತೇ ಕೊನೆಯ ಮಾತು. ಹಾಡುಹಗಲಲ್ಲಿ ವೈರ್ ಮುಟ್ಟಿ, ಟ್ಯಾಂಕ್ ಅಳೆದು ನೋಡಿದ್ದರು. 'ಡೀಸೆಲ್‌ಗೂ ಕತ್ತಲಾದ್ರೆ ನಿದ್ದೆ ಬರುತ್ತೇನಣ್ಣ?' ಎಂದು ಡ್ರೈವರನನ್ನು ಕೇಳಿದಾಗ ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತ್ತು. ಆಮೇಲೆ ಡಾಕ್ಟರಮ್ಮನಿಗೆ, ಮೀಟರ್ ಸುಳ್ಳು ಹೇಳುತ್ತಿಲ್ಲ, ಉಳಿದದ್ದು ನೀವೇ ನೋಡಿಕೊಳ್ಳಿ ಎಂದಿದ್ದರು. ಅಂದೇ ಸಂಜೆ ಡ್ರೈವರ್ ಕಾರಿನ ಕೀಲಿಕೈ ಮೇಜಿನ ಮೇಲಿಟ್ಟು ಹೋಗಿದ್ದ. ಲೈಟ್ ಹಾಕಿ ನೋಡಬೇಕೆಂದು ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ.

ಈಗ ಮೀಟರ್ ಬಿಚ್ಚಿ ಹಿಂದೆ ಟಾರ್ಚ್ ಬಿಟ್ಟರು. ಅರ್ಥಿಂಗ್ ವೈರನ್ನು ಬೋಳು ಕಬ್ಬಿಣಕ್ಕೆ ಬಿಗಿಯಬೇಕು. ಇಲ್ಲಿ ಪೇಂಟಿನ ಮೇಲೆಯೇ ಬಿಗಿದಿತ್ತು, ಕರೆಂಟಿಗೆ ಸರಿಯಾದ ದಾರಿಯಿರಲಿಲ್ಲ. ಹಗಲಲ್ಲಿ ಹೇಗೋ ಸುಧಾರಿಸಿಕೊಂಡು, ಲೈಟಿನ ಹೊರೆ ಬಿದ್ದೊಡನೆ ಸೋಲುತ್ತಿತ್ತು. ವೈರಿನ ತುದಿಗೆ ಸುತ್ತಿದ್ದ ಕೆಂಪು ಟೇಪಿನ ಗಂಟು ಅವರದೇ ಕೈಯದು. ಹೋದ ವರ್ಷ ಮೀಟರಿನ ಬಲ್ಬ್ ಹಾಕುವಾಗ ಹಳೆಯ ಬೋಲ್ಟ್ ಮುರಿದಿತ್ತು, ಪಕ್ಕದಲ್ಲಿ ಬಿಗಿದಿದ್ದರು, ಪೇಂಟ್ ಕೆರೆಯುವುದನ್ನು ಮರೆತಿದ್ದರು. ಇಷ್ಟು ನಾಚಿಕೆ ಅವರಿಗೆ ಹುಟ್ಟಿದ ಮೇಲೆ ಆಗಿರಲಿಲ್ಲ.

ಬೆಂಚಿನ ಮೇಲೆ ಕೂತಿದ್ದ ಡಾಕ್ಟರಮ್ಮ, ಇನ್ನೂ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರು. ಮೇಷ್ಟ್ರ ಕೈ ಉಪ್ಪುಕಾಗದದ ಕಡೆ ಹೋಯಿತು. ನಾಲ್ಕು ಸಲ ಉಜ್ಜಿ ಬಿಗಿದರೆ ಮುಗಿಯಿತು, ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಕಾಗದವನ್ನು ಕೈಗೆತ್ತಿಕೊಂಡೂ ಆಯಿತು. ಆಮೇಲೆ ಅದನ್ನು ಕೆಳಗಿಟ್ಟು ಮೀಟರಿನ ವೈರುಗಳನ್ನು ಜೋಡಿಸಿ, ಡಾಕ್ಟರಮ್ಮನನ್ನು ಕರೆದು ಲೈಟ್ ಹಾಕಿದರು.

ಮುಳ್ಳು ಇಳಿಯುವುದನ್ನು ಡಾಕ್ಟರಮ್ಮ ನೋಡಿದರು.

'ಇದು ಆಗಲೂ ಹೀಗೇ ಇತ್ತಾ?'

'ಇತ್ತಮ್ಮ. ಕೆಡಿಸಿದ್ದೂ ನಾನೇ, ಸರಿಯಾಗಿದೆ ಅಂದಿದ್ದೂ ನಾನೇ.'

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಬೈಯಲಿಲ್ಲ. ಫೋನ್ ತೆಗೆದು ಡ್ರೈವರನ ನಂಬರ್ ಒತ್ತಿ ಮೇಷ್ಟ್ರ ಮುಂದೆ ಹಿಡಿದರು. 'ನನಗೆ ಬಾಯಿ ಬರಲ್ಲ. ನೀವೇ ಹೇಳಿ.'

ಮೇಷ್ಟ್ರು ಎಲ್ಲವನ್ನೂ ಹೇಳಿದರು, ಲೈಟು, ಪೇಂಟು, ತಮ್ಮ ಕೈ, ತಾವು ಆಡಿದ ಮಾತು. ಆ ಕಡೆಯಿಂದ ಬಂದ ಡ್ರೈವರನ ದನಿಯಲ್ಲಿ ಸಿಟ್ಟಿರಲಿಲ್ಲ.

'ನಂಗೆ ಗೊತ್ತಿರೋದನ್ನೇ ನಂಗೆ ಹೇಳಿ ಏನು ಪ್ರಯೋಜನ ಮೇಷ್ಟ್ರೇ? ಒಂದ್ನಿಮಿಷ ಇರಿ, ಮಗಳ ಕೈಗೆ ಕೊಡ್ತೀನಿ. ಅಪ್ಪ ಕಳ್ಳ ಅಂದ್ಕೊಂಡಿರೋಳು ಅವಳು, ಅವಳಿಗೆ ಹೇಳಿ.'

ಫೋನು ಕೈಯಿಂದ ಕೈಗೆ ಹೋದ ಸದ್ದು ಕೇಳಿಸಿತು.

'ಹಲೋ,' ಎಂದಿತು ಹುಡುಗಿಯ ದನಿ. 'ಯಾರು ಮಾತಾಡ್ತಿರೋದು?'