ವಲ್ಲಿ ಇಳಿಸಬ್ಯಾಡ

ಒಂದೇ ಹತ್ತಿಹೊಲದ ಮೇಲೆ ಎರಡು ವಿಮಾನ ಎದುರಾಬದುರಾ ಬಂದವು. ಹರಿಹರದ ಕಡೆಯಿಂದ ಒಂದು, ದಾವಣಗೆರೆ ಕಡೆಯಿಂದ ಇನ್ನೊಂದು, ಎರಡೂ ಗಿಡದ ತುದಿ ಸವರುವಷ್ಟು ಕೆಳಗೆ. ಹೊಲದ ಧಣಿ ಕೊಟ್ಟೂರಪ್ಪ ಸಾಹುಕಾರರು ಬದುವಿನ ಮೇಲೆ ಕೊಡೆ ಮಡಚಿ, ಕತ್ತೆತ್ತಿ ನಿಂತಿದ್ದರು. ಹತ್ತಿಯ ಹುಳಕ್ಕೆ ಪುಡಿ ಹೊಡೆಯುವ ಪದ್ಧತಿಯೇ ಹೀಗಿರಬೇಕೆಂದು ಅವರು ಮೆಚ್ಚಿ ನೋಡುತ್ತಿದ್ದರು.

ಇನ್ನೇನು ಢಿಕ್ಕಿ ಹೊಡೆಯಬೇಕು, ಒಂದು ವಿಮಾನ ಮೂತಿ ಎತ್ತಿ ಮೇಲೆ ಹಾರಿತು, ಇನ್ನೊಂದು ಅದರ ಹೊಟ್ಟೆಯಡಿ ನುಸುಳಿತು. ಆ ಗಾಬರಿಯಲ್ಲಿ ಪುಡಿ ಪೆಟ್ಟಿಗೆಯ ಬಾಯಿ ಮುಚ್ಚುವುದು ಯಾರಿಗೆ ನೆನಪಿರುತ್ತದೆ? ಎಲ್ಲ ಸಾಹುಕಾರರ ಮೇಲೆ ಸುರಿಯಿತು. ಕರಿ ಕೋಟು, ಕರಿ ಕೊಡೆ, ಕರಿ ಮೀಸೆ ಬೆಳ್ಳಗಾದವು. ಹಣೆಯ ವಿಭೂತಿ ಎಲ್ಲಿ ಮುಗಿದು ಹುಳದ ಪುಡಿ ಎಲ್ಲಿ ಶುರುವಾಯಿತೆಂದು ಹೇಳುವಂತಿರಲಿಲ್ಲ.

ವಿಮಾನಗಳು ಆಚೆ ಬಯಲಲ್ಲಿ ಇಳಿದವು. ಇಬ್ಬರು ಪೈಲಟ್‌ಗಳಲ್ಲಿ ಹಿರಿಯ ಮೈಸೂರು ಕಡೆಯವ. ಅವನು ಜೀಪು ಹತ್ತಿ ನೇರ ಹೊಲಕ್ಕೇ ಬಂದ. ಅರವತ್ತೆರಡನೇ ಇಸವಿಯ ಮಾತು ಇದು. ಆ ವಿಮಾನಗಳಲ್ಲಿ ರೇಡಿಯೋ ಗೀಡಿಯೋ ಏನೂ ಇರಲಿಲ್ಲ, ನೆಲಕ್ಕೂ ಮುಗಿಲಿಗೂ ಮಾತೆಲ್ಲ ಬಾವುಟದಲ್ಲೇ. ಹೊಲದ ಎರಡು ತುದಿಗೆ ಇಬ್ಬರು. ಒಬ್ಬ ಬಿಳಿ ಬಾವುಟ ಎತ್ತಿದರೆ ಆ ತುದಿಯ ವಿಮಾನ ಕೆಳಗೆ ಬರಬೇಕು. ಅದು ಹೊಲ ದಾಟುವತನಕ ಇನ್ನೊಬ್ಬನ ಬಾವುಟ ನೆಲದ ಮೇಲೆ ಮಲಗಿರಬೇಕು. ಇದನ್ನೇ ಬೆಳಿಗ್ಗೆ ಹೇಳಿ ಹೇಳಿ ಪೈಲಟ್ ಗಂಟಲು ಒಣಗಿಸಿಕೊಂಡಿದ್ದ.

"ಹರಿಹರದ ತುದೀಲಿ ಜಮಾಲ್ ಸಾಬ್ ಎತ್ತಿದ್ದು ಸರಿ. ಈ ತುದೀಲಿ ಎತ್ತಿದೋನು ಯಾರಯ್ಯ?"

ಸಾಹುಕಾರರ ಮನೆಯ ಆಳು ಗುತ್ತೆಪ್ಪ ಮುಂದೆ ಬಂದ. "ನಾನು ಎತ್ತಿಲ್ರಿ. ನೋಡ್ರಿ, ಮಲಗಿಸಿದಂಗೇ ಐತೆ." ಗಾಳಿಗೂ ಏಳಬಾರದೆಂದು ಅವನು ಬಾವುಟದ ಮೇಲೊಂದು ಕಲ್ಲು ಬೇರೆ ಇಟ್ಟಿದ್ದ.

"ಹಾಗಾದ್ರೆ ನಾನು ಮೇಲಿಂದ ಬೆಳ್ಳಗೆ ನೋಡಿದ್ದೇನು, ಕೊಕ್ಕರೇನಾ?"

"ನನ್ನ ವಲ್ಲಿ ಇರಬೇಕ್ರಿ. ಯಜಮಾನ್ರು ಬಂದ್ರು, ತಗದೆ."

ಪೈಲಟ್‌ಗೆ ತಲೆಬುಡ ತಿಳಿಯಲಿಲ್ಲ. ಗುತ್ತೆಪ್ಪ ಮಾಡಿಯೇ ತೋರಿಸಿದ. ಹೆಗಲ ಮೇಲಿನ ಟವೆಲು, ಅದೇ ಅವನ ವಲ್ಲಿ, ಜಗ್ಗಿದ, ಒಮ್ಮೆ ಪಟ್ಟನೆ ಝಾಡಿಸಿದ, ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಾಗಿ ನಿಂತ. ವಿಮಾನದವರ ಮುಂದೆ ನಿಲ್ಲುವ ಗಂಡ ಅಂತ ಹೆಂಡತಿ ಓಬವ್ವ ಆ ವಲ್ಲಿಯನ್ನು ಸವಳು ಮಣ್ಣು ಹಾಕಿ ತಿಕ್ಕಿ ತಿಕ್ಕಿ ಒಗೆದಿದ್ದಳು. ಬಾವುಟಕ್ಕಿಂತ ಅದೇ ಬೆಳ್ಳಗಿತ್ತು. ಎರಡೂ ವಿಮಾನ ನೆಲದ ಮೇಲಿದ್ದರೂ, ಆ ತುದಿಯಿಂದ ಓಡಿಬಂದಿದ್ದ ಜಮಾಲ್ ಸಾಬ್ ಯಾತಕ್ಕೂ ಇರಲಿ ಎಂದು ಮೇಲೆ ನೋಡಿದ.

"ಅವರು ಬಂದ್ರೆ ನೀನ್ಯಾಕಯ್ಯ ಬಟ್ಟೆ ತೆಗೀಬೇಕು?"

ಈ ಪ್ರಶ್ನೆಯನ್ನು ಆ ಊರಲ್ಲಿ ಯಾರೂ ಯಾರಿಗೂ ಕೇಳಿರಲಿಲ್ಲ. ಗುತ್ತೆಪ್ಪ ಸಾಹುಕಾರರ ಮುಖ ನೋಡಿದ. ಸಾಹುಕಾರರು ಕೊಡೆ ಕೊಡವತೊಡಗಿದರು.

"ಇವನನ್ನ ಬದಲಾಯಿಸಿ. ಇಲ್ಲದಿದ್ರೆ ನಾವು ಹೊರಟ್ವಿ. ನನಗೂ ಹೆಂಡ್ತಿ ಮಕ್ಕಳಿದ್ದಾರೆ," ಎಂದ ಪೈಲಟ್.

ಹುಟ್ಟಿದಾಗಿನಿಂದ ಕುಂಟೆ, ಕುಡುಗೋಲು ಬಿಟ್ಟರೆ ಗುತ್ತೆಪ್ಪನ ಕೈಗೆ ಬಂದದ್ದು ಈ ಬಾವುಟ ಒಂದೇ. "ನಮ್ಮನೇರು ವಿಮಾನ ಇಳಿಸ್ತಾರೆ" ಎಂದು ಓಬವ್ವ ಬಾವಿಕಟ್ಟೆಯಲ್ಲಿ ಹೇಳಿದ್ದೇ ಹೇಳಿದ್ದು. ಈಗ ಬಾವುಟ ಕಸಿದುಕೊಂಡರೆ ಗಂಡಹೆಂಡಿರಿಬ್ಬರೂ ಬೇರೆ ಊರಿನ ಬಾವಿ ಹುಡುಕಬೇಕು.

"ಬಿಡ್ರಿ, ಇನ್ನೊಬ್ಬ ಆಳು ಸಣ್ಣತಿಮ್ಮಪ್ಪನ್ನ ನಿಲ್ಲಿಸೋಣ," ಎಂದರು ಸಾಹುಕಾರರು.

ಜಮಾಲ್ ಸಾಬ್ ನಡುವೆ ಬಾಯಿ ಹಾಕಿದ. "ಯಾರನ್ನ ನಿಲ್ಲಿಸಿದ್ರೂ ಅಷ್ಟೇ ರೀ ಯಜಮಾನ್ರೆ. ನೀವು ಬಂದ್ರೆ ಅವನೂ ತಗೀತಾನೆ. ನಾನಿದ್ರೂ ತಗೀತಿದ್ದೆ."

"ಹಾಗಾದ್ರೆ ನೀವೇ ಈ ಕಡೆ ಬರಬೇಡಿ," ಎಂದ ಪೈಲಟ್.

"ನನ್ನ ಹೊಲಕ್ಕೆ ನಾನೇ ಬರಬ್ಯಾಡ ಅಂದ್ರೆ ಹೆಂಗ್ರಿ?" ಎನ್ನುತ್ತಲೇ ಸಾಹುಕಾರರು ಸೀನಿದರು. ಮೀಸೆಯಿಂದ ಪುಡಿ ಹಾರಿತು. ಪುಡಿ ಬೀಳದ ಪಕ್ಕದ ಎಲೆಯ ಮೇಲೆ ಹಸಿರು ಹುಳವೊಂದು ಹಾಯಾಗಿ ಮೇಯುತ್ತಿತ್ತು. ವಿಮಾನ ಹೋದರೆ ಹೊಲದಲ್ಲಿ ಬರೀ ಕಡ್ಡಿ ಉಳಿಯುತ್ತದೆ. ಅವರು ಹುಳವನ್ನು ನೋಡಿದರು, ವಲ್ಲಿಯನ್ನು ನೋಡಿದರು, ಮತ್ತೆ ಹುಳವನ್ನೇ ನೋಡಿದರು.

"ಗುತ್ತೆಪ್ಪ, ನಾನು ಎದುರಿಗೆ ಬಂದ್ರೂ ವಲ್ಲಿ ಇಳಿಸಬ್ಯಾಡ. ವಿಮಾನ ಇರೋತನಕ ಅಷ್ಟೇ, ತಿಳೀತಾ?"

ಮಧ್ಯಾಹ್ನ ವಿಮಾನ ಮತ್ತೆ ಎದ್ದವು. ಸಾಹುಕಾರರು ಬದುವಿನ ಮೇಲೆ ಬಂದದ್ದೇ ತಡ, ಗುತ್ತೆಪ್ಪನ ಬಲಗೈ ತಾನಾಗಿ ಹೆಗಲಿಗೆ ಹೋಯಿತು. ಬೆಳೆಗೆ ನುಗ್ಗುವ ಹೋರಿಯನ್ನು ಹಿಡಿದಂತೆ ಅವನು ಅದನ್ನು ಎಡಗೈಯಿಂದ ಹಿಡಿದು ನಿಲ್ಲಿಸಿದ. ವಲ್ಲಿ ಹೊದ್ದ ಆಳಿನ ಎದುರು ಎತ್ತ ನೋಡಬೇಕೋ ತಿಳಿಯದೆ ಸಾಹುಕಾರರು ಹತ್ತಿ ಕಾಯಿ ಎಣಿಸತೊಡಗಿದರು. ಆ ಕಡೆಯದೊಂದು, ಈ ಕಡೆಯದೊಂದು, ವಿಮಾನಗಳು ಸರದಿಯಂತೆ ಬಂದು ಹೋದವು. ಆ ವರ್ಷ ಹತ್ತಿ ಉಳಿಯಿತು.

ಪೈಲಟ್‌ಗಳು ಹೋದರು, ಬಯಲಿಗೆ ದನ ಮರಳಿದವು. ಒಂದು ದಿನ ಸಾಹುಕಾರರು ಬೀದಿಯಲ್ಲಿ ಬರುವಾಗ ಗುತ್ತೆಪ್ಪ ಎದುರಾದ. ದಾರಿ ಬಿಟ್ಟು ನಿಂತ, ಕೈಯನ್ನೂ ಮುಗಿದ. ವಲ್ಲಿ ಮಾತ್ರ ಹೆಗಲ ಮೇಲೆಯೇ ಇತ್ತು, ನೀಟಾಗಿ ಮಡಿಕೆ ಹಾಕಿ.

ಸಾಹುಕಾರರು ನಿಂತರು. "ಗುತ್ತೆಪ್ಪ, ವಿಮಾನ ಹೋದ್ವಲ್ಲ?"

"ಹೋದ್ವು ರೀ ಯಜಮಾನ್ರೆ." ಗುತ್ತೆಪ್ಪ ವಲ್ಲಿಯ ಚುಂಗು ಸರಿಮಾಡಿಕೊಂಡು, ಕಣ್ಣಿಗೆ ಕೈ ಅಡ್ಡ ಹಿಡಿದು ಮುಗಿಲು ನೋಡಿದ. "ಮತ್ತೆ ಯಾವಾಗ ಬರ್ತಾವೋ ಹೇಳಕ್ಕಾಗಲ್ಲ."