ಕಾಶೀಬಾಯಿಯ ನಾಲಿಗೆ

2071ರ ನವೆಂಬರ್ 14, ಬೆಳಿಗ್ಗೆ 6 ಗಂಟೆ 40 ನಿಮಿಷ. ಕಾಶೀಬಾಯಿ ಮಲಕಪ್ಪನ ಹೊಲದಲ್ಲಿ ಒಂದು ಜೋಳದ ಎಲೆ ಕಿತ್ತು ಅಗಿದಳು. ಜೋಳಕ್ಕೆ ತಗಲುವ ಬೂಷ್ಟು ರೋಗದ ಕಿಣ್ವ ಎಲೆಯ ನಾರನ್ನು ಕರಗಿಸಿ ಸಕ್ಕರೆ ಮಾಡುತ್ತಿತ್ತು. ಎಲೆ ಸಿಹಿಯಾದಷ್ಟೂ ರೋಗ ಜೋರು. ಅವಳು ಸಿಹಿ ಎಂದರೆ ಹೊಲ ಸುಡಬೇಕು, ಸಪ್ಪೆ ಎಂದರೆ ಉಳಿಯಿತು. ಈ ಕೆಲಸಕ್ಕೆಂದು ಇಪ್ಪತ್ತು ವರ್ಷ ಅವಳು ಬೆಲ್ಲ ಮುಟ್ಟಿರಲಿಲ್ಲ, ಮಗಳ ಮದುವೆಯ ಹೋಳಿಗೆಯನ್ನೂ ತಿಂದಿರಲಿಲ್ಲ.

"ಹ್ಯಾಂಗೈತ್ರಿ ಬಾಯಾರ?" ಎಂದ ಮಲಕಪ್ಪ. "ಹ್ವಾದ ವಾರ ಸಪ್ಪಗೈತಿ ಅಂದಿದ್ರಿ. ಇವತ್ತೂ ಅದನ್ನ ಅಂದು ಚಾ ಕುಡದ ಹೋಗ್ರಿ. ಸಕ್ರಿ ಹಾಕಿಲ್ಲ."

ಹನ್ನೆರಡು ದಿನಗಳ ಹಿಂದೆ ಜ್ವರ ಬಿಟ್ಟಾಗ ಅವಳ ನಾಲಿಗೆಯ ರುಚಿಯೂ ಹೋಗಿತ್ತು. ಅಂದಿನಿಂದ ಊರಿನ ಎಲ್ಲ ಹೊಲವೂ ಸಪ್ಪೆ. ಅವಳು ಯಾರಿಗೂ ಹೇಳಿರಲಿಲ್ಲ. ಹೇಳಬೇಕೆಂದು ಅನಿಸಿಯೂ ಇರಲಿಲ್ಲ. ಈಗ ದಂಟಿನ ಮೇಲೆ ಇರುವೆಗಳು ಸಾಲಾಗಿ ಏರುತ್ತಿದ್ದವು.

"ಈ ಇರವಿ ಯಾವಾಗ ಬಂದಾವು?"

"ನಾಕ ದಿನಾತ್ರಿ. ಅವಕ್ಕೇನ ತಿಳೀತೈತಿ, ನೀವ ಅದೀರಲ್ಲ."

ಕಾಶೀಬಾಯಿ ಚೀಲದಿಂದ ಎಂದೂ ಬಳಸದ ಸಕ್ಕರೆ ಮಾಪಕ ತೆಗೆದು, ಅದರ ಗಾಜಿನ ಮೇಲೆ ಎಲೆಯ ರಸ ಹಿಂಡಿದಳು. ಹೊಲ ಸುಡುವ ಮಿತಿ ಶೇಕಡಾ 4. ಮಾಪಕ ತೋರಿಸಿದ್ದು ಶೇಕಡಾ 11.4.