ಹನ್ನೊಂದು ಸೆಕೆಂಡು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಅಷ್ಟು ದೊಡ್ಡ ಮಧುಗಿರಿ ಬೆಟ್ಟವೇ ಕಾಣುತ್ತಿರಲಿಲ್ಲ. ಕಡಲೆಕಾಯಿ ಕಿತ್ತ ಹೊಲದಲ್ಲಿ ಹಾಕಿದ್ದ ಡೇರೆಗಳು ಇಬ್ಬನಿಗೆ ತೊಯ್ದು ಜೋತುಬಿದ್ದಿದ್ದವು. ಮಂಜಿನೊಳಗಿಂದ ಒಬ್ಬ ಮನುಷ್ಯ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದು ಅನುಷಾಳ ಮೇಜಿನ ಮುಂದೆ ನಿಂತ.

"ಇಲ್ಲಿ ಲಾಕ್ ಬಿಚ್ತಾರಂತಲ್ಲ, ನೀವೇನಾ?"

ಅದು ಹ್ಯಾಕರ್‌ಗಳ ಬಯಲು ಶಿಬಿರ. ವರ್ಷಕ್ಕೆ ಮೂರು ದಿನ ಒಂದೆಡೆ ಕೂಡುವುದು, ಬಿಚ್ಚುವುದು, ಜೋಡಿಸುವುದು, ಗೊತ್ತಿದ್ದದ್ದನ್ನು ಪುಕ್ಕಟೆ ಹಂಚುವುದು. ಆಚೆ ಡೇರೆಯಲ್ಲಿ ಒಬ್ಬರು ಹಳೇ ಫ್ಯಾನಿನ ತಂತಿಯಿಂದ ರೇಡಿಯೊ ಕಟ್ಟುತ್ತಿದ್ದರು. ಅನುಷಾಳದು ಬಿಚ್ಚುವ ಮೇಜು. ಕೀ ಕಳೆದ ಪೆಟ್ಟಿಗೆಯಾಗಲಿ, ಲಾಕ್ ಮರೆತ ಫೋನಾಗಲಿ, ಅವಳ ಕೈಗೆ ಬಂದದ್ದು ತೆರೆಯದೆ ಹೋದದ್ದಿಲ್ಲ. ಮೇಜಿಗೆ ಒಂದೇ ಕಟ್ಟಳೆ: ಮುಟ್ಟುವ ಮೊದಲು "ಇದು ನಿಮ್ಮದಾ?" ಎಂದು ಕೇಳಬೇಕು, ಗುರುತು ನೋಡಬೇಕು. ಹಿಂದಿನ ದಿನ ಊರಿನ ಪರ್ವತಯ್ಯನವರು ಟ್ರಂಕು ಹೊತ್ತು ತಂದಾಗಲೂ, ಒಳಗೇನಿದೆ ಹೇಳಿ ಎಂದು ಕೇಳಿ ಬೈಸಿಕೊಂಡಿದ್ದಳು. "ನನ್ನ ಪಂಚೆ ಲೆಕ್ಕ ನಿಂಗ್ಯಾಕಮ್ಮಿ?" ಎಂದಿದ್ದರು ಅವರು.

ಟವೆಲು ಬಿಚ್ಚಿದಾಗ ಒಂದು ಫೋನು. ಮೂಲೆ ಒಡೆದಿತ್ತು.

"ಇದು..." ಎಂದು ಅನುಷಾ ಬಾಯಿ ತೆರೆದಳು.

"ಮಗು ಸತ್ತೋಯ್ತು ಕಣವ್ವ," ಎಂದ ಆತ. "ರಸ್ತೇಲಿ. ನಲವತ್ತು ದಿನ ಆಯ್ತು."

ಅವಳು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟಳು. ಇಂಥವರನ್ನು ಗುರುತು ತೋರಿಸಿ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಪುಸ್ತಕದಲ್ಲಿ ಬರೆಯಲು ಹೆಸರು ಕೇಳಿದಳು. ಭೀಮರಾಜು ಎಂದ, ತರಕಾರಿ ಟೆಂಪೊ ಓಡಿಸುತ್ತೇನೆ ಎಂದ. ಮಗುವಿನ ಹೆಸರಿಗೆ ಮಾತ್ರ ತಲೆಯಾಡಿಸಿದ. "ಆ ಹೆಸರು ನನ್ನ ಬಾಯಾಗೆ ಬರಾಕಿಲ್ಲ. ಬುಡವ್ವ."

ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಗೆಳೆಯ ಚೇತನ್ ಕುಮಾರ್ ಮೆಲ್ಲಗೆ, "ಕೇಳಿದ್ಯಾ? ಕೇಳ್ದೆ ಬಿಚ್ಚಿದ್ರೆ ನಾವೂ ಕಳ್ಳರೂ ಒಂದೇ," ಎಂದ.

"ಬಾಯ್ಮುಚ್ಕೊಂಡು ಟೀ ಕುಡಿ," ಎಂದಳು ಅನುಷಾ.

ಫೋನಿನಲ್ಲಿ ಸಿಮ್ ಇರಲಿಲ್ಲ. "ನಾನೇ ತೆಗ್ದಿವ್ನಿ. ಒಂದೇ ಸಮ ಬಡ್ಕೊಳ್ತಿತ್ತು," ಎಂದ ಭೀಮರಾಜು. ಚಾರ್ಜಿಗೆ ಹಾಕಿ ತುಸು ಕಾದಳು. ಬೆರಳೆಳೆದು ಗೆರೆ ಹಾಕುವ ಲಾಕು. ಅನುಷಾ ಗಾಜಿನ ಮೇಲೆ ಹಾ ಎಂದು ಉಸಿರೂದಿದಳು. ಮಾಗಿಯ ಚಳಿಗೆ ಆವಿ ಕಟ್ಟಿತು. ದಿನಕ್ಕೆ ನೂರು ಸಲ ಒಂದೇ ದಾರಿಯಲ್ಲಿ ಓಡಾಡಿದ ಬೆರಳಿನ ಸವೆತ ಅದರೊಳಗೆ ಸಣ್ಣಗೆ ಮೂಡಿತು. ಎರಡನೇ ಯತ್ನಕ್ಕೆ ಫೋನು ತೆರೆದುಕೊಂಡಿತು. ಪರದೆಯ ಮೇಲೆ ಎರಡು ಜಡೆಯ ಹುಡುಗಿ, ಕಾಲೇಜಿನ ಸಮವಸ್ತ್ರ, ತುಂಬಿದ ನಗು.

ಭೀಮರಾಜು ಆ ಮುಖವನ್ನು ಬಹಳ ಹೊತ್ತು ನೋಡಿದ. "ಇಷ್ಟು ಚಿಕ್ಕದು," ಎಂದ. ಆಮೇಲೆ ಬೆನ್ನು ತಿರುಗಿಸಿ ನಿಂತ.

"ಕೊನೇದಾಗಿ ಒಂದು ವಿಡಿಯೊ ಇರ್ಬೇಕು. ಅದನ್ನ ತೆಗೆದ್ಬುಡವ್ವ. ಅದು ಇರೋವರೆಗೂ ಇದನ್ನ ಹೆತ್ತವಳ ಕೈಗೆ ಕೊಡೋ ಧೈರ್ಯ ನಂಗಿಲ್ಲ. ಇಟ್ಕೊಂಡ್ರೂ ಗಂಟ್ಲಾಗೆ ನೀರಿಳೀತಿಲ್ಲ."

ಹನ್ನೊಂದು ಸೆಕೆಂಡಿನ ವಿಡಿಯೊ. ಅನುಷಾಳ ಬೆರಳು ಅದರ ಮೇಲೆ ತಡೆಯಿತು.

"ಆಡಿಸ್ಬೇಡ," ಎಂದ ಅವನು, ತಿರುಗದೆಯೇ.

ಅವಳು ಆಡಿಸಲಿಲ್ಲ. ಸಾವಿನ ಮುಂದೆ ಕಣ್ಣು ತಗ್ಗಿಸಬೇಕೆಂದು ಅವಳಿಗೆ ಅಜ್ಜಿ ದಾಸಮ್ಮ ಕಲಿಸಿದ್ದರು. ಅಳಿಸಿದಳು. ಆದರೆ ಅಳಿಸಿದ್ದು ಅಷ್ಟು ಸುಲಭಕ್ಕೆ ಸಾಯುವುದಿಲ್ಲ, ಗರಿಕೆ ಬೇರಿನ ಹಾಗೆ ಒಳಗೆ ಉಳಿದಿರುತ್ತದೆ. ಬಲ್ಲವರು ಮತ್ತೆ ಚಿಗುರಿಸಬಹುದು. ಅದಕ್ಕೇ ಖಾಲಿ ಜಾಗದ ತುಂಬ ಕಸ ತುಂಬಿಸಿ, ಅಳಿಸಿ, ಮತ್ತೆ ತುಂಬಿಸಿದಳು. ಒಂದೂವರೆ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅವನು ಕೂರಲಿಲ್ಲ.

"ಇನ್ಯಾರೂ ತೆಗೆಯಕಾಗಲ್ವಾ? ಪೊಲೀಸ್ನೋರೂ?"

"ನನ್ನಿಂದಲೇ ಆಗಲ್ಲ ಅಣ್ಣ," ಎಂದಳು ಅನುಷಾ. ಆ ಮಾತಿನಲ್ಲಿ ತುಸು ಹೆಮ್ಮೆಯೂ ಇತ್ತು.

ಅವನು ಎರಡೂ ಕೈ ಎತ್ತಿ ಮುಗಿದ. "ಇನ್ನೊಂದು ಉಪಕಾರ. ತಾಯಿ ಹೊಳವನಹಳ್ಳೀಲವ್ಳೆ. ಲಕ್ಷ್ಮೀದೇವಿ ಅಂತ. ನನ್ನ ಮೊಕ ಅವ್ಳು ನೋಡೋ ಅಂಗಿಲ್ಲ. ನೀನೇ ಮುಟ್ಟಿಸ್ಬುಡವ್ವ."

ಗಂಡ ಹೆಂಡಿರ ನಡುವೆ ಏನು ಬಿರುಕೋ ಎಂದುಕೊಂಡಳು ಅನುಷಾ. ಮಂಜು ಕರಗಿತ್ತು. ರಸ್ತೆ ಬದಿಯ ಅವನ ಹಳೇ ಟೆಂಪೊ ಈಗ ಕಂಡಿತು. ಒಂದು ಹೆಡ್‌ಲೈಟು ಹಳದಿಗಟ್ಟಿತ್ತು, ಇನ್ನೊಂದು ಹೊಚ್ಚ ಹೊಸದು. ಅವನು ಹಗುರಾಗಿ ಹತ್ತಿ ಕೂತು ಹೊರಟುಹೋದ.

ಕೊರಟಗೆರೆಯಲ್ಲಿ ಬಸ್ಸು ಬದಲಿಸಿ ಅವಳು ಹೊಳವನಹಳ್ಳಿ ಸೇರಿದಾಗ ಮಧ್ಯಾಹ್ನ. ಮೂರು ಮನೆ ವಿಚಾರಿಸುವುದರಲ್ಲಿ ಗುರುತು ಸಿಕ್ಕಿತು. ಲಕ್ಷ್ಮೀದೇವಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ನಿಮ್ಮ ಮಗಳದೊಂದು ವಸ್ತು ತಂದಿದೀನಿ ಅಮ್ಮ. ಅವರಪ್ಪ ಕೊಟ್ಟು ಕಳಿಸಿದ್ರು."

ಸುಲಿಯುವ ಕೈ ನಿಂತಿತು. "ಯಾರಪ್ಪ?"

"ಮಗಳ ಅಪ್ಪ. ಭೀಮರಾಜು."

ಲಕ್ಷ್ಮೀದೇವಿ ಅವಳನ್ನೇ ನೋಡಿದರು. ಆಮೇಲೆ, ಮನೆ ತಪ್ಪಿ ಬಂದವರಿಗೆ ದಾರಿ ಹೇಳುವಷ್ಟೇ ಸಮಾಧಾನದಿಂದ ಹೇಳಿದರು:

"ಯಾವ ಮನೇಗೆ ಬಂದಿದ್ದೀಯೋ ಕಾಣೆ ಕಣಮ್ಮ. ಮಧುಶ್ರೀ ಅಪ್ಪ ಅವಳು ಹೊಟ್ಟೇಲಿದ್ದಾಗಲೇ ತೀರ್ಕೊಂಡ್ರು. ಅವಳು ರಸ್ತೆ ಬದೀಲಿ ನಿಂತು ವಿಡಿಯೊ ಮಾಡ್ಕೊತಿದ್ಲಂತೆ. ಯಾವ್ದೋ ಗಾಡಿ ಗುದ್ದಿ ನಿಲ್ಲಿಸ್ದೆ ಹೋಯ್ತು. ಫೋನೂ ಆ ಗಾಡಿಯೊಳಕ್ಕೇ ಹಾರಿ ಬಿತ್ತೋ ಏನೋ, ಸಿಗಲಿಲ್ಲ. ಅದೊಂದು ಸಿಕ್ಕಿದ್ರೆ ಕೊಂದೋನು ಸಿಕ್ಕಂಗೆ ಅಂತ ಪೊಲೀಸ್ನೋರು ಅಂದವ್ರೆ. ನಾನು ಅದಕ್ಕೇ ಜೀವ ಹಿಡ್ಕೊಂಡಿದೀನಿ."

ಅನುಷಾ ಬ್ಯಾಗಿನಿಂದ ಫೋನು ತೆಗೆದು, ಅವರೆಕಾಯಿ ಸೊಗಡು ಹತ್ತಿದ ಆ ಕೈಯಲ್ಲಿಟ್ಟಳು.